ಓದುಗರ ಸ್ಪಂದನ: ಯಾಟ್ ಸರ್ವೇಯರ್ ಆಗಲು ಡಿಪ್ಲೊಮಾ ಸಾಕೇ?

ಕಚೇರಿ ಕೆಲಸ ಬಿಟ್ಟು ಯಾಟ್ ಸರ್ವೇಯರ್ (ವಿಹಾರ ದೋಣಿಗಳ ಸ್ಥಿತಿ ಪರೀಕ್ಷಿಸಿ ವರದಿ ಕೊಡುವವರು) ಆಗಬೇಕು, ದೂರಶಿಕ್ಷಣದ ಡಿಪ್ಲೊಮಾ ಒಂದೇ ಸಾಕಾಗುತ್ತದೆಯೇ ಎಂದು ಕೇಳಿದ್ದ ಓದುಗರಿಗೆ ಬಂದ ಉತ್ತರಗಳು.

ಡಿಪ್ಲೊಮಾಗೆ ಸೇರಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೇ ಯಾವುದಾದರೂ ರಿಪೇರಿ ಯಾರ್ಡಿನಲ್ಲಿ ಕೆಲಸ ಹಿಡಿಯಿರಿ, ಕಸ ಗುಡಿಸುವುದಾದರೂ ಸರಿ. ಫೈಬರ್‌ಗ್ಲಾಸ್ ಒಡಲನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಬೊದ್ ಎನ್ನುತ್ತದೆ. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಆದರೆ ಒಳಗಡೆ ಬಲ್ಕ್‌ಹೆಡ್ (ದೋಣಿಯೊಳಗಿನ ಅಡ್ಡಗೋಡೆ) ಕೂಡುವಲ್ಲೂ ದನಿ ಬದಲಾಗುತ್ತದಲ್ಲ! ಡೆಕ್ ಕತ್ತರಿಸಿ, ಅದರ ಪದರಗಳ ನಡುವೆ ಕೊಳೆತ ಬಾಲ್ಸಾ ಎಂಬ ಹಗುರ ಮರವನ್ನು ಕೆರೆದು ತೆಗೆದವರ ಕಿವಿಗೆ ಮಾತ್ರ ಆ ಎರಡು ಬೇರೆ ಬೇರೆಯಾಗಿ ಕೇಳುತ್ತವೆ. ತೇವಾಂಶದ ಮೀಟರಿನದೂ ಇದೇ ತಕರಾರು. ಆಗಷ್ಟೇ ನೀರಿನಿಂದ ಎತ್ತಿದ ದೋಣಿಗೆ ಹಿಡಿದರೆ ಮುಳ್ಳು ಮೇಲೇರುತ್ತದೆ. ಬಣ್ಣದಲ್ಲಿ ತಾಮ್ರವಿದ್ದರೂ, ಹಿಂದೆ ಲೋಹದ ಟ್ಯಾಂಕ್ ಇದ್ದರೂ ಏರುತ್ತದೆ. ಅಂಕಿಯನ್ನಷ್ಟೇ ನಂಬಿ 'ಆಸ್ಮೋಸಿಸ್' (ಫೈಬರ್‌ಗ್ಲಾಸ್‌ಗೆ ನೀರಿಳಿದು ಗುಳ್ಳೆ ಏಳುವ ದೋಷ) ಎಂದು ಬರೆದರೆ ಒಳ್ಳೆಯ ದೋಣಿಯ ವ್ಯಾಪಾರ ಕೆಡುತ್ತದೆ. ಹಿತ್ತಾಳೆ ಸೀಕಾಕ್ (ಒಡಲಿನ ತೂತಿಗೆ ಕೂರಿಸಿದ, ನೀರು ತಡೆಯುವ ಕವಾಟ) ಕೆರೆದಾಗ ಗುಲಾಬಿ ಛಾಯೆ ಕಂಡರೆ ಸತು ಕರಗಿಹೋಗಿದೆ ಎಂದರ್ಥ. ಫೋಟೋದಲ್ಲಿ ಆ ಛಾಯೆ ಸರಿಯಾಗಿ ಬೀಳುವುದೇ ಇಲ್ಲ.
– ದೋಣಿ ರಿಪೇರಿ ಮಾಡುವವರು

ಕೈಕೆಲಸವೇ ಎಲ್ಲ ಎನ್ನುವವರ ಮಾತನ್ನು ಅರ್ಧ ನಂಬಿ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್‌ನಲ್ಲಿ 'ಚೀಕಿ ರಾಫಿಕಿ' ಯಾಟಿನ ಕೀಲ್ (ದೋಣಿ ಮಗುಚದಂತೆ ತಳದಲ್ಲಿ ಜೋಡಿಸಿರುವ ಭಾರದ ರೆಕ್ಕೆ) ಕಳಚಿ, ಅದರಲ್ಲಿದ್ದ ನಾಲ್ವರೂ ಕಡಲಪಾಲಾದರು. ಹಿಂದೆ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು ಸೇರಿ ಒಳಚೌಕಟ್ಟಿನ ಅಂಟು ಬಿಟ್ಟಿರಬಹುದು ಎಂದು ಬ್ರಿಟನ್ನಿನ ತನಿಖೆ ಹೇಳಿತು. ಒಡಲಿಗೆ ಅಂಟಿಸಿ ಕೂರಿಸಿದ ಚೌಕಟ್ಟು ಎಲ್ಲಿ ಬಿಟ್ಟಿದೆ ಎಂಬುದು ಸುಲಭಕ್ಕೆ ಕಾಣುವುದಿಲ್ಲ. ಕೀಲ್‌ನ ಭಾರ ಯಾವ ದಾರಿಯಲ್ಲಿ ಒಡಲಿಗೆ ಇಳಿಯುತ್ತದೆ ಎಂದು ಓದಿಕೊಂಡಿದ್ದರೆ ಮಾತ್ರ ಎಲ್ಲಿ ಟಾರ್ಚ್ ಹಿಡಿಯಬೇಕೆಂದು ಹೊಳೆಯುತ್ತದೆ. ಎಷ್ಟೋ ವರ್ಷ ಗ್ರೈಂಡರ್ ಹಿಡಿದವರೂ ಇಲ್ಲಿ ಎಡವುತ್ತಾರೆ.
– ಓದುಗರೊಬ್ಬರು

ದೋಣಿ ಕೊಳ್ಳುವವಳಾಗಿ ನನ್ನದೊಂದು ಮಾತು. ನಾನು ಹಣ ಕೊಡುವುದು ವರದಿಗೆ. 'ವಯಸ್ಸಿಗೆ ತಕ್ಕ ಸ್ಥಿತಿಯಲ್ಲಿದೆ' ಎಂಬ ಸಾಲಿನಿಂದ ನನಗೇನು ತಿಳಿಯಬೇಕು? ನೀರಿಗೆ ಇಳಿಸುವ ಮೊದಲು ಆಗಲೇಬೇಕಾದ್ದು ಯಾವುದು, ಮುಂದಿನ ವರ್ಷಕ್ಕೆ ಬಿಡಬಹುದಾದ್ದು ಯಾವುದು, ಎಲ್ಲಿಗೆ ಕೈ ಹೋಗಲಿಲ್ಲ, ಇವನ್ನು ಬಿಡಿಸಿ ಬರೆಯಿರಿ. ಅನುಭವಿ ಸರ್ವೇಯರ್ ಒಬ್ಬರ ಹಿಂದೆ ಓಡಾಡುವ ಅವಕಾಶ ಸಿಕ್ಕರೆ, ಅದೇ ದೋಣಿಯ ಬಗ್ಗೆ ನಿಮ್ಮದೂ ಒಂದು ವರದಿ ಬರೆದು ಅವರದರೊಂದಿಗೆ ಹೋಲಿಸಿ. ಸ್ವಂತವಾಗಿ ಶುರುಮಾಡುವ ದಿನ ವೃತ್ತಿ ಹೊಣೆಗಾರಿಕೆ ವಿಮೆ (ನಿಮ್ಮ ವರದಿಯ ತಪ್ಪಿನಿಂದಾದ ನಷ್ಟಕ್ಕೆ ರಕ್ಷಣೆ) ಕೈಯಲ್ಲಿರಲಿ.
– ದೋಣಿಯ ಒಡತಿ