ಕೊಡಗಿನಿಂದ ರ‍್ಯಾಪ್ ಹಾಡು: ಡಿಜೆಗಳ ಕೈಗೆ, ಸಂದರ್ಶನದವರ ಕಿವಿಗೆ ಮುಟ್ಟಿಸೋದು ಹೇಗೆ?

ಕೇಳಿದವರು, ವಿರಾಜಪೇಟೆ:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗೆಳೆಯ ಸೇರಿ ಕನ್ನಡದಲ್ಲಿ ರ‍್ಯಾಪ್ ಮಾಡುತ್ತೇವೆ. ಬೀಟ್ ಅವನದು, ಸಾಹಿತ್ಯ ನನ್ನದು. ಲೇಬಲ್ ಇಲ್ಲ, ಮ್ಯಾನೇಜರ್ ಇಲ್ಲ. ಮೊದಲ ಹಾಡನ್ನು ನೆಂಟರು, ಕಾಲೇಜಿನವರು ಕೇಳಿದರು, ಅಷ್ಟಕ್ಕೇ ನಿಂತಿತು. ಈಗ ಎರಡನೇದು ರೆಡಿ ಇದೆ. ಬೆಂಗಳೂರಿನ ಕ್ಲಬ್ ಡಿಜೆಗಳಿಗೆ ಇನ್‌ಸ್ಟಾಗ್ರಾಂನಲ್ಲಿ ಲಿಂಕ್ ಕಳಿಸಿದರೆ ನೋಡಿ ಸುಮ್ಮನಾಗುತ್ತಾರೆ. ದುಡ್ಡು ಕೊಟ್ಟರೆ ಇಂಟರ್‌ವ್ಯೂ ಹಾಕುತ್ತೇವೆ ಅಂತ ಒಂದು ಪೇಜ್‌ನವರು ಹೇಳಿದ್ದಾರೆ. ಕೊಡಬಹುದಾ? ಊರಲ್ಲಿ ಕ್ಲಬ್ಬೇ ಇಲ್ಲ, ಎಲ್ಲಿಂದ ಶುರು ಮಾಡೋದು? ಅನುಭವ ಇರೋರು ದಯವಿಟ್ಟು ಹೇಳಿ.

ಮದುವೆ, ರೆಸಾರ್ಟ್‌ಗಳಲ್ಲಿ ಡಿಜೆ, ಮಡಿಕೇರಿ:

ಲಿಂಕ್ ಇಟ್ಟುಕೊಂಡು ನಾನೇನು ಮಾಡಲಿ ತಮ್ಮಾ? ಶನಿವಾರ ಸಂಜೆ ತೋಟದ ನಡುವಿನ ರೆಸಾರ್ಟ್‌ನಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಹೆಚ್ಚು. ನನ್ನ ಕೆಲಸ ನಡೆಯೋದು ಪೆನ್‌ಡ್ರೈವ್ ಮೇಲೆ. ಅದರೊಳಗೆ ಇಲ್ಲದ ಹಾಡು ನನ್ನ ಮಟ್ಟಿಗೆ ಇಲ್ಲವೇ ಇಲ್ಲ. ಹಾಗಾಗಿ ಫೈಲ್ ಕಳಿಸಿ. ವೇವ್ (WAV) ಆದರೆ ಒಳ್ಳೇದು, ಇಲ್ಲದಿದ್ದರೆ 320 ಕೆಬಿಪಿಎಸ್ ಎಂಪಿ3. ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಥರ ಕಳಿಸಬೇಡಿ, ದೊಡ್ಡ ಸ್ಪೀಕರ್‌ನಲ್ಲಿ ಅದರ ಬೇಸ್ ಸತ್ತೇ ಹೋಗುತ್ತದೆ. ಫೈಲ್ ಹೆಸರಲ್ಲೇ ನಿಮ್ಮ ಹೆಸರು, ಹಾಡಿನ ಹೆಸರು, ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ ಅನ್ನೋದು) ಇರಲಿ. 'ಫೈನಲ್ ಫೈನಲ್ 2' ಅಂತ ಬಂದ ಫೈಲ್ ಕತ್ತಲಲ್ಲಿ ನನಗೆ ಎಲ್ಲಿ ಸಿಗಬೇಕು?

ಇನ್ನು ಹಾಡಿನ ಶುರು. ಹೊಸಬರು ಹೀಗೆ ಮಾಡುತ್ತಾರೆ: ಮಳೆ ಸದ್ದು, ಜೀಪ್ ಸದ್ದು, ಇಬ್ಬರು ಮಾತಾಡೋದು, ಆಮೇಲೆ ಬೀಟ್. ಇಯರ್‌ಫೋನ್‌ನಲ್ಲಿ ಇದು ಚೆನ್ನಾಗಿರುತ್ತದೆ. ಕುಣಿಯುತ್ತಿರುವ ಜನರ ನಡುವೆ ಬೀಟ್ ಕಡಿದರೆ ಅರ್ಧ ಜನ ಊಟಕ್ಕೆ ಹೋಗುತ್ತಾರೆ. ಡಿಜೆಗಂತಲೇ ಬೇರೆ ಎಡಿಟ್ ಮಾಡಿ: ಮೊದಲ ಎಂಟು ಬಾರ್ (ನಾಲ್ಕು ಬಡಿತಕ್ಕೆ ಒಂದು ಬಾರ್) ಬರೀ ಡ್ರಮ್ಸ್, ಕೊನೆಗೂ ಹಾಗೇ. 95 ಬಿಪಿಎಂನಲ್ಲಿ ಎಂಟು ಬಾರ್ ಅಂದರೆ ಸುಮಾರು 20 ಸೆಕೆಂಡ್. ಹಿಂದಿನ ಹಾಡಿಂದ ನಿಮ್ಮದಕ್ಕೆ ದಾಟೋಕೆ ನನಗೆ ಅಷ್ಟು ಸಾಕು. ಜೊತೆಗೆ ಬೈಗುಳ ತೆಗೆದ ಕ್ಲೀನ್ ವರ್ಷನ್ ಒಂದು, ಬರೀ ಬೀಟ್ ಇರುವ ಇನ್‌ಸ್ಟ್ರುಮೆಂಟಲ್ ಒಂದು. ಮದುವೆಯಲ್ಲಿ ಎದುರಿಗೆ ಅಜ್ಜಿ ಕೂತಿರುತ್ತಾರೆ, ಕ್ಲೀನ್ ಇಲ್ಲದಿದ್ದರೆ ನಾನು ಮುಟ್ಟೋದೇ ಇಲ್ಲ.

ನಮ್ಮ ಕಡೆಯ ಇನ್ನೊಂದು ವಿಷಯ. ಕೊಡವ ಮದುವೆಯಲ್ಲಿ ವಾಲಗಕ್ಕೆ ಕುಣಿಯದೆ ಯಾರೂ ಮನೆಗೆ ಹೋಗಲ್ಲ. ಅದರ ನಡೆ ಆರೆಂಟರದು, ಅಂದರೆ 6/8 ತಾಳ. ಅಲ್ಲಿಂದ ಸೀದಾ 140 ಬಿಪಿಎಂನ ಟ್ರ್ಯಾಪ್‌ಗೆ ಹಾರಿದರೆ ಕಾಲು ತಪ್ಪುತ್ತದೆ. ವಾಲಗದಿಂದ ನಿಮ್ಮ ಬೀಟ್‌ಗೆ ಇಳಿಯುವ ಒಂದು ಎಡಿಟ್ ಮಾಡಿಕೊಟ್ಟರೆ ಈ ಭಾಗದ ಮದುವೆ ಡಿಜೆಗಳು ಅದನ್ನು ಅಳಿಸೋದಿಲ್ಲ ಅಂತ ನನ್ನ ಲೆಕ್ಕ. ಆದರೆ ಯೂಟ್ಯೂಬ್‌ನಿಂದ ಯಾರದೋ ವಾಲಗ ಕತ್ತರಿಸಿ ಹಾಕಬೇಡಿ. ವಾಲಗದವರನ್ನೇ ಕರೆಸಿ, ಒಪ್ಪಿಗೆ ಕೇಳಿ, ದುಡ್ಡು ಕೊಟ್ಟು ರೆಕಾರ್ಡ್ ಮಾಡಿ.

ಹೊಸ ಹಾಡನ್ನು ನಾನು ಹಾಕೋದು ಏಳೂವರೆಗೆ, ಜನ ಇನ್ನೂ ತಟ್ಟೆ ಹಿಡಿದು ನಿಂತಿರುವಾಗ. ಬಯಲಲ್ಲಿ ಹತ್ತು ಗಂಟೆಗೆ ಸೌಂಡ್ ನಿಲ್ಲಿಸಬೇಕು, ಅದು ಕಾನೂನು. ಎಂಟೂವರೆಯಿಂದ ಹತ್ತರವರೆಗೆ ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡೇ ಬೇಕು. ಏಳೂವರೆಗೆ ಹಾಕಿದ ಅಂತ ಬೇಜಾರಾಗಬೇಡಿ. ಆ ಹೊತ್ತಲ್ಲಿ ಒಬ್ಬ ಬಂದು 'ಇದು ಯಾರ ಹಾಡಣ್ಣ?' ಅಂತ ಕೇಳಿದರೆ ಮುಂದಿನ ವಾರವೂ ಹಾಕುತ್ತೇನೆ. ಸೆಟ್ ನಡೀತಿರುವಾಗ ಮಾತ್ರ ಪೆನ್‌ಡ್ರೈವ್ ಹಿಡಿದು ಕನ್ಸೋಲ್ ಹತ್ತಿರ ಬರಬೇಡಿ ಮಾರಾಯ್ರೆ.

ಹತ್ತು ವರ್ಷದಿಂದ ರ‍್ಯಾಪ್ ಬರೆಯುವವರು, ಸೋಮವಾರಪೇಟೆ (ಈಗ ಬೆಂಗಳೂರು):

ಡಿಜೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಬೆಂಗಳೂರಿನ ಕ್ಲಬ್ ಬಗ್ಗೆ ನಾನು ಸೇರಿಸುತ್ತೇನೆ.

ಪೋಸ್ಟರ್‌ನಲ್ಲಿ ದೊಡ್ಡದಾಗಿ ಹೆಸರಿರುವ ಡಿಜೆಯ ಹಿಂದೆ ಬೀಳಬೇಡಿ. ಅವರ ಇನ್‌ಬಾಕ್ಸ್ ತುಂಬಿ ತುಳುಕುತ್ತಿರುತ್ತದೆ. ಅವರಿಗಿಂತ ಮೊದಲು, ಕ್ಲಬ್ ಅರ್ಧ ಖಾಲಿ ಇರುವಾಗ ಹಾಕುವ ಓಪನಿಂಗ್ ಡಿಜೆ ಇರುತ್ತಾರಲ್ಲ, ಅವರನ್ನು ಹಿಡಿಯಿರಿ. ಜನಕ್ಕೆ ಗೊತ್ತಿಲ್ಲದ ಹಾಡು ಹಾಕುವ ಸ್ವಾತಂತ್ರ್ಯ ಇರೋದು ಅವರಿಗೇ. ಒಂದು ಹಿಪ್‌ಹಾಪ್ ನೈಟ್‌ಗೆ ನೀವೇ ಹೋಗಿ ನಿಂತು ಕೇಳಿ. ಆಮೇಲೆ ಮೆಸೇಜ್ ಮಾಡುವಾಗ 'ನೀವು ಆ ಹಾಡಿನ ನಂತರ ಇದನ್ನು ಹಾಕಿದ್ರಿ, ನಮ್ಮದು ಅದೇ ಸ್ಪೀಡ್‌ನದು' ಅಂತ ಬರೆಯಿರಿ. ಇವನು ನಿಜವಾಗಲೂ ಕೇಳಿದ್ದಾನೆ ಅಂತ ಅವರಿಗೆ ಗೊತ್ತಾಗುತ್ತದೆ.

ಹಾಡು ಹಾಕಿಸೋಕೆ ದುಡ್ಡು? ಬೇಡ. ಅದರ ಬದಲು ಅವರ ಅಭಿಪ್ರಾಯ ಕೇಳಿ. ಇದು ಹೊಸದೇನಲ್ಲ. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಡಿಜೆಗಳೇ ಸೇರಿ ರೆಕಾರ್ಡ್ ಪೂಲ್ ಅಂತ ಕಟ್ಟಿದರು. ಕಂಪನಿಗಳು ಹೊಸ ರೆಕಾರ್ಡ್ ಪುಕ್ಕಟೆ ಕೊಡೋದು, ಕುಣಿಯೋ ಜನ ಅದಕ್ಕೆ ಏನಂದರು ಅಂತ ಡಿಜೆಗಳು ಬರೆದು ತಿಳಿಸೋದು. ನೀವೂ ಅಷ್ಟೇ ಕೇಳಿ: ಎಲ್ಲಿ ಜನ ನಿಂತರು, ಎಲ್ಲಿ ಕೂತರು? ಅದೇ ಊರಿನ ಕೊಲಂಬಿಯಾ ವಿಶ್ವವಿದ್ಯಾಲಯದ ರೇಡಿಯೋದಲ್ಲಿ ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್, ಬಾಬಿಟೊ ಅಂತ ಇಬ್ಬರು 1990ರಿಂದ 1998ರವರೆಗೆ ನಡುರಾತ್ರಿ ಶೋ ನಡೆಸುತ್ತಿದ್ದರು. ನಾಸ್, ನೊಟೋರಿಯಸ್ ಬಿಐಜಿ, ಜೇ-ಝೀ ಎಲ್ಲ ದೊಡ್ಡ ಹೆಸರಾಗುವ ಮೊದಲೇ ಅಲ್ಲಿ ಬಂದು ರ‍್ಯಾಪ್ ಮಾಡಿದ್ದರು. ಸ್ಟೇಷನ್ ಕಾಲೇಜಿನದು, ಹೊತ್ತು ಎಲ್ಲರೂ ಮಲಗುವ ಹೊತ್ತು. ಆದರೆ ಕೇಳುವವರು ಸರಿಯಾದವರು. ಹಾಗಾಗಿ ಪೇಜ್‌ಗೆ ಎಷ್ಟು ಲಕ್ಷ ಫಾಲೋವರ್ಸ್ ಅಂತ ನೋಡಬೇಡಿ. ಹಳೇ ಇಂಟರ್‌ವ್ಯೂಗಳ ಕಾಮೆಂಟ್ ತೆಗೆದು ನೋಡಿ. ಬರೀ ಬೆಂಕಿ ಇಮೋಜಿ ಇದ್ದರೆ ದುಡ್ಡು ಜೇಬಲ್ಲೇ ಇರಲಿ. ಹಾಡಿನ ಬಗ್ಗೆ ಒಬ್ಬರಾದರೂ ಪ್ರಶ್ನೆ ಕೇಳಿದ್ದಾರಾ?

ಸಂದರ್ಶನ ಮಾಡಿ ಅಭ್ಯಾಸ ಇರುವವರು, ಕುಶಾಲನಗರ:

ಕೇಳುವವರ ಕಡೆಯಿಂದ ಹೇಳ್ತೀನಿ. ಹೊಸ ಕಲಾವಿದರಲ್ಲಿ ಜಾಸ್ತಿ ಜನ ಕೊಡುವ ಉತ್ತರ ಒಂದೇ: 'ಚಿಕ್ಕಂದಿನಿಂದ ಸಂಗೀತ ಅಂದ್ರೆ ಪ್ರಾಣ, ತುಂಬಾ ಕಷ್ಟಪಟ್ಟಿದ್ದೀವಿ, ಎಲ್ಲರೂ ಸಪೋರ್ಟ್ ಮಾಡಿ.' ಇದು ಎಡಿಟಿಂಗ್‌ನಲ್ಲಿ ಹೋಗುತ್ತದೆ. ಉಳಿಯೋದು ಯಾವುದು ಗೊತ್ತಾ? 'ಕಣದಲ್ಲಿ ಕಾಫಿ ಹರವೋ ಸದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಅದನ್ನೇ ಹೈ-ಹ್ಯಾಟ್ (ಡ್ರಮ್ಸ್‌ನ ತಾಳದ ಸದ್ದು) ಮಾಡಿದ್ವಿ' ಅನ್ನೋ ಥರದ್ದು. ಅದನ್ನು ಅಲ್ಲೇ ಕೇಳಿಸಿ ಅಂತೀವಿ. ಐದು ನಿಮಿಷ ಅದರ ಮೇಲೇ ಮಾತು ಓಡುತ್ತದೆ.

ಕಳಿಸಬೇಕಾದದ್ದು ಇಷ್ಟೇ. ನೀವು ಯಾರು, ಹಾಡು ಏನು ಅಂತ ಐದು ಸಾಲು. ಸಾಹಿತ್ಯದ ಪ್ರತಿ. ಅಡ್ಡಕ್ಕೆ ತೆಗೆದ ಒಂದು ಒಳ್ಳೆ ಫೋಟೋ. ಫೋನ್ ನಂಬರ್. ಕನ್ನಡಕ ಹಾಕಿ ಹೊಗೆ ಬಿಟ್ಟಿರೋ ಫೋಟೋ ಪೇಪರ್‌ನಲ್ಲಿ ಕಪ್ಪು ಮಸಿ ಥರ ಬರುತ್ತದೆ, ಬೇಡ.

ಮಡಿಕೇರಿ ಆಕಾಶವಾಣಿಯನ್ನು, 103.1 ಎಫ್‌ಎಂ, ಹಳೆಯವರದು ಅಂತ ಬಿಡಬೇಡಿ. ಕನ್ನಡದ ಜೊತೆ ಕೊಡವ, ಅರೆಭಾಷೆ ಕಾರ್ಯಕ್ರಮಗಳೂ ಅಲ್ಲಿ ಬರುತ್ತವೆ, ತೋಟದ ಮನೆಗಳಲ್ಲಿ ಈಗಲೂ ಕೇಳುತ್ತಾರೆ. ಮೆಸೇಜ್ ಬೇಡ, ಕಾರ್ಯಕ್ರಮ ವಿಭಾಗಕ್ಕೆ ಒಂದು ಪತ್ರ ಬರೆದು ಸಾಹಿತ್ಯವನ್ನೂ ಇಟ್ಟು ಕೊಡಿ. 'ಶಕ್ತಿ'ಯಂಥ ಊರಿನ ಪತ್ರಿಕೆಗೂ ಹಾಗೇ. ಇನ್ನೊಂದು: ಹಾಡು ಬಂದ ವಾರದಲ್ಲೇ ಸಂದರ್ಶನ ಬರೋ ಹಾಗೆ ದಿನ ಹೊಂದಿಸಿ. ಹಾಡು ಬರೋ ಮೊದಲೇ ಬಂದರೆ ಕೇಳಿದವರು ಹುಡುಕಿ, ಸಿಗದೆ, ಮರೆತುಬಿಡುತ್ತಾರೆ.

ಕೇಳಿದವರು, ವಿರಾಜಪೇಟೆ:

ತುಂಬಾ ಥ್ಯಾಂಕ್ಸ್. ಪೇಜ್‌ನವರಿಗೆ ಬೇಡ ಅಂದುಬಿಟ್ಟೆ. ಹಕ್ಕು, ರಿಜಿಸ್ಟ್ರೇಷನ್ ಅಂತೆಲ್ಲ ಏನಾದರೂ ಮಾಡಿಸಬೇಕಾ? ಮುಂದಿನ ತಿಂಗಳು, ಜುಲೈನಲ್ಲಿ ಬಿಡೋಣ ಅಂತಿದ್ದೀವಿ.

ರ‍್ಯಾಪ್ ಬರೆಯುವವರು, ಸೋಮವಾರಪೇಟೆ:

ಬೀಟ್ ಗೆಳೆಯನದೇ ಆದ್ದರಿಂದ ಅರ್ಧ ತಲೆನೋವು ಇಲ್ಲ. ಆದರೂ ಯಾರಿಗೆ ಎಷ್ಟು ಪಾಲು ಅಂತ ಇಬ್ಬರೂ ಈಗಲೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಹಾಡು ಓಡಿದ ಮೇಲೆ ಆ ಮಾತು ಎತ್ತೋದು ಕಷ್ಟ. ಸಾಹಿತ್ಯ, ಸಂಗೀತ ಬರೆದವರು ಐಪಿಆರ್‌ಎಸ್‌ಗೆ (ಹಾಡು ಬರೆದವರ ರಾಯಲ್ಟಿ ಸಂಗ್ರಹಿಸಿ ಕೊಡುವ ಸಂಸ್ಥೆ) ಸದಸ್ಯರಾಗಬಹುದು. ಐಎಸ್‌ಆರ್‌ಸಿ ನಂಬರ್, ಅಂದರೆ ಪ್ರತಿ ರೆಕಾರ್ಡಿಂಗ್‌ನ ಗುರುತು ಸಂಖ್ಯೆ, ಸಾಮಾನ್ಯವಾಗಿ ಹಾಡನ್ನು ಆ್ಯಪ್‌ಗಳಿಗೆ ಹಾಕಿಸುವ ಡಿಸ್ಟ್ರಿಬ್ಯೂಟರೇ ಕೊಡುತ್ತಾರೆ. ಸ್ಪಾಟಿಫೈ ಎಡಿಟರ್‌ಗಳಿಗೆ ಹಾಡು ಪಿಚ್ ಮಾಡೋದಿದ್ದರೆ (ಪ್ಲೇಲಿಸ್ಟ್‌ಗೆ ಸೇರಿಸಿ ಅಂತ ಕೇಳೋದು) ಬಿಡುಗಡೆಗೆ ಕಡೇ ಪಕ್ಷ 7 ದಿನ ಮೊದಲು ಮಾಡಬೇಕು. ದುಡ್ಡಿನ ಆಸೆ ಈಗಲೇ ಬೇಡ, 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ರಾಯಲ್ಟಿಯೇ ಇಲ್ಲ.

ಓದುಗರೊಬ್ಬರು, ನಾಪೋಕ್ಲು:

ಜುಲೈನಲ್ಲಾ! ಕರೆಂಟ್ ಯಾವಾಗ ಬರುತ್ತೆ ಅಂತ ಕಾಯೋರು ನಿಮ್ಮ ಹಾಡು ಕೇಳ್ತಾರಾ? ಊರಿನವರು ಕೇಳಬೇಕು ಅಂದರೆ ಮಳೆ ಕಳೆಯಲಿ. ದಸರಾ ಹೊತ್ತಿಗೆ ಬಿಡಿ. ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪಗಳ ಸಂಗೀತ ಕಥೆಗೆ ತಕ್ಕ ಹಾಗೆ ಮೊದಲೇ ಕೂಡಿಸಿರುತ್ತಾರೆ, ಅಲ್ಲಿ ಜಾಗ ಸಿಗೋದು ಕಷ್ಟ. ಯುವ ದಸರಾದವರನ್ನು ಈಗಿಂದಲೇ ಕೇಳಿ ನೋಡಿ. ಡಿಸೆಂಬರ್ ಬಂದರೆ ಎಲ್ಲರೂ ಕಾಫಿ ಕುಯ್ಲಲ್ಲಿ ಬಿಝಿ. ಅದು ತಪ್ಪಿದರೆ ಆಮೇಲೆ ಬೇಸಿಗೆಯ ಕೊಡವ ಕುಟುಂಬಗಳ ಹಾಕಿ ಹಬ್ಬವೇ. 2024ರಲ್ಲಿ ನಮ್ಮೂರಲ್ಲಿ 360 ಕುಟುಂಬದ ತಂಡಗಳು ಆಡಿದ್ದವು, ಮೈದಾನದ ಸುತ್ತ ಎಷ್ಟು ಯೂಟ್ಯೂಬ್‌ನವರು ಮೈಕ್ ಹಿಡಿದು ಓಡಾಡುತ್ತಿದ್ದರು ಗೊತ್ತಾ?

ಡಿಜೆ, ಮಡಿಕೇರಿ:

ದಸರಾಕ್ಕೆ ಅಂದರೆ ಎಡಿಟ್ ಮಾಡೋಕೆ ಬೇಕಾದಷ್ಟು ಟೈಮ್ ಇದೆ. ಆದ ಮೇಲೆ ನನಗೂ ಕಳಿಸಿ. ಶನಿವಾರ, ಭಾನುವಾರ ಬೇಡ. ಮಂಗಳವಾರ ಕಳಿಸಿದರೆ ಪುರುಸೊತ್ತಲ್ಲಿ ದೊಡ್ಡ ಸ್ಪೀಕರ್‌ಗೆ ಹಾಕಿ ಕೇಳಿ, ಬೇಸ್ ಹೇಗಿದೆ ಅಂತ ಹೇಳ್ತೀನಿ.