ದಿ ಮಮ್ಮಿ: ಒಂಬತ್ತು ವರ್ಷದ ಮಗನಿಗೆ ಯಾವುದು ತೋರಿಸಲಿ? ನೋಡಿದವರು ಅನುಭವ ಹೇಳಿ

ಶಿರಸಿ ಅಮ್ಮ:
ಮಗ ದಿನಾ ಪಿರಮಿಡ್, ಫೇರೋ ಅಂತ ತಲೆ ತಿನ್ನುತ್ತಿದ್ದಾನೆ. ಶನಿವಾರ ರಾತ್ರಿ ಮನೆಯಲ್ಲೇ ಟಿವಿಗೆ ಹಾಕಿ ಮಮ್ಮಿ ಸಿನಿಮಾ ತೋರಿಸೋಣ ಅಂತಿದ್ದೇನೆ. 1999ರದ್ದೋ, 2017ರ ಟಾಮ್ ಕ್ರೂಸ್‌ದೋ? ಆ ಜೀರುಂಡೆ ದೃಶ್ಯಗಳಿಗೆ ಮಕ್ಕಳು ಹೆದರುತ್ತಾರಾ? ಇವನು ಮೊದಲೇ ನಿದ್ದೆಯಲ್ಲಿ ಬೆಚ್ಚಿ ಬೀಳುವವನು. ಹಿಂದಿ ಬರಲ್ಲ, ಇಂಗ್ಲಿಷ್ ಅರ್ಧಂಬರ್ಧ.

ಹಳೇ ವಿಸಿಡಿ:
1999ರದ್ದು. ಎರಡು ಮಾತೇ ಇಲ್ಲ. ನಾನು ನೋಡಿದ್ದು ಬಾಡಿಗೆ ವಿಸಿಡಿಯಲ್ಲಿ. ದಿನಕ್ಕೆ 15 ರೂಪಾಯಿ ಬಾಡಿಗೆ, 200 ಡೆಪಾಸಿಟ್. ಮೊದಲ ಡಿಸ್ಕ್ ಚೆನ್ನಾಗಿ ಓಡಿತು. ಎರಡನೆಯದು ಹಾಕಿದರೆ ಚಿತ್ರವೆಲ್ಲ ಚೌಕಚೌಕ ಒಡೆದು ನಿಂತೇ ಹೋಯಿತು. ಹಳೇ ಬನಿಯನ್‌ನಲ್ಲಿ ಒರೆಸಿದೆ, ಪಕ್ಕದ ಮನೆಯವರ ಪ್ಲೇಯರ್ ತಂದು ಹಾಕಿದೆ, ಜಪ್ಪಯ್ಯ ಅಂದರೂ ಓಡಲಿಲ್ಲ. ವಾಪಸ್ ಕೊಡಲು ಹೋದರೆ ಅಂಗಡಿಯವನು ಗೀರು ನಾನೇ ಮಾಡಿದ್ದು ಅಂತ ಡೆಪಾಸಿಟ್‌ನಲ್ಲಿ 80 ರೂಪಾಯಿ ಹಿಡಿದುಕೊಂಡ. ನನಗೆ ಆಗ ತಿಂಗಳಿಗೆ 1,800 ಸಂಬಳ. ಆ 80 ರೂಪಾಯಿ ಇವತ್ತಿಗೂ ಮರೆತಿಲ್ಲ. ಉಳಿದರ್ಧ ನೋಡಬೇಕು ಅಂತ ಇನ್ನೊಂದು ಅಂಗಡಿಯಲ್ಲಿ ಮತ್ತೆ ಡೆಪಾಸಿಟ್ ಕಟ್ಟಿದೆ. ಅಷ್ಟಕ್ಕೂ ಬೆಲೆ ಇರುವ ಸಿನಿಮಾ ಅದು. ಗ್ರಂಥಾಲಯದಲ್ಲಿ ಏಣಿ ವಾಲಿ ಕಪಾಟುಗಳೆಲ್ಲ ಒಂದರ ಮೇಲೊಂದು ಉರುಳುವ ದೃಶ್ಯ, ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ, ಮರಳು ಬಾಯಿ ತೆರೆದು ವಿಮಾನದ ಬೆನ್ನು ಹತ್ತುವುದು. ನೇಣು ಹಾಕುವ ದೃಶ್ಯದ ಚಿತ್ರೀಕರಣದಲ್ಲಿ ನಾಯಕ ಬ್ರೆಂಡನ್ ಫ್ರೇಸರ್ ನಿಜವಾಗಿಯೂ ಉಸಿರುಗಟ್ಟಿ ಪ್ರಜ್ಞೆ ತಪ್ಪಿದ್ದರು. ಅಂಥ ಮೈಮುರಿದ ದುಡಿಮೆ ಈಗಿನ ಸಿನಿಮಾಗಳಲ್ಲಿ ಎಲ್ಲಿದೆ ಹೇಳಿ.

ಐಮ್ಯಾಕ್ಸ್ ಪ್ರೇಮಿ:
ಎಲ್ಲರೂ 1999 ಅಂತಲೇ ಹೇಳುತ್ತಾರೆ ಅಂತ ಗೊತ್ತಿತ್ತು. 2017ರದ್ದನ್ನು ದೊಡ್ಡ ಪರದೆಯಲ್ಲಿ ನೋಡದವರೇ ಅದನ್ನು ಬಯ್ಯುವುದು. ನಾನು ಸಂಸಾರ ಸಮೇತ ಹೋಗಿದ್ದೆ. ಟಿಕೆಟ್ ತಲಾ 450ರಂತೆ ನಾಲ್ಕಕ್ಕೆ 1,800. ಬುಕಿಂಗ್ ಶುಲ್ಕ 118. ತ್ರೀಡಿ ಕನ್ನಡಕಕ್ಕೆ ಬೇರೆ 120. ಪಾಪ್‌ಕಾರ್ನ್ ಎರಡು, 640. ಪಾರ್ಕಿಂಗ್ 80. ಒಟ್ಟು 2,758. ಅದರ ಹಿಂದಿನ ತಿಂಗಳಷ್ಟೇ ಸರ್ಕಾರ ಟಿಕೆಟ್‌ಗೆ 200ರ ಮಿತಿ ಹಾಕಿತ್ತು, ಕೇಳಿದರೆ ಕೌಂಟರಿನಲ್ಲಿ ಐಮ್ಯಾಕ್ಸ್‌ಗೆ ಅದು ಅನ್ವಯಿಸಲ್ಲ ಅಂದರು. ಇಂಟರ್ವಲ್ ಆದಮೇಲೆ ಧ್ವನಿ ಹೋಯಿತು. ಹತ್ತು ನಿಮಿಷ ಬರೀ ಬಾಯಿ ಆಡುವುದು ನೋಡುತ್ತಾ ಕೂತೆವು. ದುಡ್ಡು ವಾಪಸ್ ಕೇಳಿದರೆ ಮುಂದಿನ ಸಲಕ್ಕೆ ಅಂತ ಒಂದು ಕೂಪನ್ ಕೈಗಿಟ್ಟರು. ಅದೂ ವಾರದ ದಿನಕ್ಕೆ ಮಾತ್ರ! ಆದರೂ ಹೇಳುತ್ತೇನೆ, ವಿಮಾನ ಬೀಳುವ ದೃಶ್ಯಕ್ಕೆ ಅಷ್ಟೂ ದುಡ್ಡು ಸಂದಿತು. ಅದು ಕಂಪ್ಯೂಟರ್ ಆಟ ಅಲ್ಲ, ನಿಜವಾದ ವಿಮಾನವನ್ನು ಮೇಲಕ್ಕೊಯ್ದು ಕೆಳಗೆ ಬಿಟ್ಟು, ಮೈ ತೇಲುವ ಆ ಕೆಲವೇ ಸೆಕೆಂಡುಗಳಲ್ಲಿ ತೆಗೆದದ್ದು. ಅದರಲ್ಲಿ ಮಮ್ಮಿಯಾಗಿ ಬರುವ ಸೋಫಿಯಾ ಬುಟೆಲ್ಲಾಳ ಅಹ್ಮನೆಟ್ ಮುಂದೆ 1999ರ ಮಮ್ಮಿ, ಆ ಬೋಳುತಲೆಯ ಇಮ್ಹೋಟೆಪ್ ಏನೂ ಅಲ್ಲ.

ಮಂಡ್ಯ ಗೌಡ್ರು:
ಐಮ್ಯಾಕ್ಸ್ ಪ್ರೇಮಿಯವರೇ, ಇಮ್ಹೋಟೆಪ್ ಪಾತ್ರ ಮಾಡಿದ ಅರ್ನಾಲ್ಡ್ ವೊಸ್ಲೂಗೆ ಏನೂ ಅಲ್ಲ ಅಂತೀರಲ್ಲ, ಬಾಯಿ ಹೆಂಗ್ ಬತ್ತದೆ ನಿಮಗೆ? ಆ ಮನುಷ್ಯ ಮಾತೇ ಆಡದೆ ಬರೀ ಕಣ್ಣಲ್ಲಿ ಹೆದರಿಸ್ತಾನೆ. ಸತ್ತ ಪ್ರಿಯತಮೆಗೋಸ್ಕರ ಮೂರು ಸಾವಿರ ವರ್ಷ ಕಾದೋನು. ಖಳನ ಮೇಲೂ ಅಯ್ಯೋ ಪಾಪ ಅನ್ನಿಸ್ತದೆ. 2017ರದ್ದರಲ್ಲಿ ಯಾರ ಮೇಲೆ ಅಯ್ಯೋ ಅನ್ನೋದು, ನಿಮ್ಮ 2,758 ರೂಪಾಯಿ ಮೇಲಾ? 1999ರದ್ದರಲ್ಲಿ ಆ ಪುಕ್ಕಲ ಬೆನಿ ಕೊರಳಿನ ಸರಗಳನ್ನ ಒಂದೊಂದಾಗಿ ಎತ್ತಿ ಎಲ್ಲಾ ಧರ್ಮದ ದೇವರನ್ನೂ ಕರೀತಾನಲ್ಲ, ಆ ಒಂದು ಸೀನಿಗೆ ಸಮ ಬರಲ್ಲ ನಿಮ್ಮ ಇಡೀ ಸಿನಿಮಾ. ಅದೊಂದು ದೊಡ್ಡ ಸರಣಿಯ ಶುರು ಅಂತ ಡಂಗುರ ಹೊಡೆದಿದ್ರು. ಸರಣಿ ಅಲ್ಲೇ ನಿಂತೋಯ್ತು.

ಐಮ್ಯಾಕ್ಸ್ ಪ್ರೇಮಿ:
ನನ್ನ ದುಡ್ಡಿನ ವಿಷಯ ನಿಮಗೆ ಬೇಡ ಗೌಡ್ರೇ. ಸರಣಿ ನಿಂತದ್ದು ಬಿಡುಗಡೆಯ ದಿನವೇ ಕಲ್ಲು ಹೊಡೆದ ವಿಮರ್ಶಕರಿಂದ. ಗಳಿಕೆ ನೋಡಿ, ಜಗತ್ತಿನಾದ್ಯಂತ ಎರಡೂ 400 ಮಿಲಿಯನ್ ಡಾಲರ್ ದಾಟಿವೆ.

ಹಳೇ ವಿಸಿಡಿ:
1999ರ 400 ಮಿಲಿಯನ್ನೂ 2017ರ 400 ಮಿಲಿಯನ್ನೂ ಒಂದೇನಾ? ಮೊದಲನೆಯದಕ್ಕೆ ಖರ್ಚು 80 ಮಿಲಿಯನ್. ಲೆಕ್ಕ ಹಾಕಿ ಮಾತಾಡಿ.

ಮೇಷ್ಟ್ರು, ಚಿಕ್ಕಮಗಳೂರು:
ಮಗುವಿಗೆ ಪಿರಮಿಡ್ ಹುಚ್ಚು ಎಂದಿದ್ದೀರಿ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಏಳನೇ ತರಗತಿಗೆ 1999ರದ್ದನ್ನು ತೋರಿಸಿದೆ. ಶಾಲೆಯ ಪ್ರೊಜೆಕ್ಟರಿನ ಬಲ್ಬ್ ಸುಟ್ಟಿತ್ತು. ಹೊಸದಕ್ಕೆ 6,200 ಎಂದರು, ಆಡಳಿತ ಮಂಡಳಿ ಒಪ್ಪಲಿಲ್ಲ. ಕೈಯಿಂದ ಹಾಕಿ ತರಿಸಿದೆ, ಬಿಲ್ ಇವತ್ತಿಗೂ ಪಾಸಾಗಿಲ್ಲ. ಆ ಖರ್ಚಿನ ಬಗ್ಗೆ ನನಗೆ ಹೆಮ್ಮೆಯೇ ಇದೆ, ಯಾಕೆಂದರೆ ಮಾರನೆಯ ದಿನ ಮಕ್ಕಳ ಪ್ರಶ್ನೆಗಳು ನಿಲ್ಲಲೇ ಇಲ್ಲ. ನಿಜವಾದ ಇಮ್ಹೋಟೆಪ್ ಶಾಪಗ್ರಸ್ತ ಪಾಪಿಯಲ್ಲ. ಜೋಸರ್ ದೊರೆಯ ಮಂತ್ರಿ, ಸಕ್ಕಾರಾದ ಮೆಟ್ಟಿಲು ಪಿರಮಿಡ್ ಅವನ ಯೋಜನೆ ಎನ್ನುತ್ತಾರೆ, ಮುಂದೆ ಜನ ಅವನನ್ನು ವೈದ್ಯದೇವತೆಯಾಗಿ ಪೂಜಿಸಿದರು. ಸಿನಿಮಾದಲ್ಲಿ ಅವನು ಕೊಲ್ಲುವ ಫೇರೋ ಒಂದನೇ ಸೆಟಿ ಅವನಿಗಿಂತ ಸಾವಿರದ ಮುನ್ನೂರು ವರ್ಷಕ್ಕೂ ಈಚಿನವನು. ಮಮ್ಮಿ ಮಾಡುವಾಗ ತೆಗೆದ ಅಂಗಾಂಗ ಇಡುವ ಜಾಡಿಗಳು ನಾಲ್ಕು, ಇವರು ಐದು ಮಾಡಿದ್ದಾರೆ. ಆ ಕಪ್ಪು ಜೀರುಂಡೆ ಸಗಣಿಯುಂಡೆ ಉರುಳಿಸಿಕೊಂಡು ಹೋಗುವ ಹುಳು, ಈಜಿಪ್ಟಿನವರಿಗೆ ಅದು ಮರುಹುಟ್ಟಿನ ಗುರುತು. ಮಾಂಸ ತಿನ್ನುವುದೆಲ್ಲ ಕಟ್ಟುಕಥೆ. ಸಮಾಧಿ ತೆರೆದವರಿಗೆ ಮಮ್ಮಿಯ ಶಾಪ ತಟ್ಟುತ್ತದೆ ಎಂಬ ಮಾತು ಹಬ್ಬಿದ್ದು ಎಳೆಯ ಫೇರೋ ಟುಟಾಂಖಾಮನ್ ಸಮಾಧಿಯಿಂದ. 1922ರ ನವೆಂಬರಿನಲ್ಲಿ ಸಿಕ್ಕಿತು, 1923ರ ಏಪ್ರಿಲ್‌ನಲ್ಲಿ ಆ ಉತ್ಖನನಕ್ಕೆ ದುಡ್ಡು ಹಾಕಿದ್ದ ಲಾರ್ಡ್ ಕಾರ್ನಾರ್ವನ್ ಸತ್ತರು. ಸೊಳ್ಳೆ ಕಚ್ಚಿದ ಗಾಯ ಕ್ಷೌರದ ಕತ್ತಿಗೆ ಸಿಕ್ಕಿ ನಂಜೇರಿತ್ತು. ಸಮಾಧಿಯನ್ನು ಕಂಡುಹಿಡಿದ ಹೊವಾರ್ಡ್ ಕಾರ್ಟರ್ 1939ರವರೆಗೂ ಬದುಕಿದ್ದರು. ಪತ್ರಿಕೆಗಳು ಶಾಪ ಮಾರಿ ದುಡ್ಡು ಮಾಡಿದವು.

ಕಪ್ಪು ಬಿಳುಪು:
ಮೇಷ್ಟ್ರೇ, ಇಮ್ಹೋಟೆಪ್ ಹೆಸರನ್ನು ಕೆಡಿಸಿದ್ದು 1999ರವರಲ್ಲ. 1932ರ ಮೂಲ ಚಿತ್ರದಲ್ಲೇ ಆ ಹೆಸರಿದೆ. ಅದನ್ನು ಬರೆದ ಬಾಲ್ಡರ್‌ಸ್ಟನ್ ಪತ್ರಕರ್ತರಾಗಿದ್ದಾಗ ಟುಟಾಂಖಾಮನ್ ಸಮಾಧಿಯ ವರದಿ ಮಾಡಿದವರು. ಅದರಲ್ಲಿ ಮಮ್ಮಿಯ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಬಟ್ಟೆ ಸುತ್ತಿಕೊಂಡು ಕಾಣಿಸುವುದು ಕೆಲವೇ ಕ್ಷಣ. ಕಣ್ಣು ಒಂದಿಷ್ಟೇ ತೆರೆಯುತ್ತದೆ, ಕೈ ಎದೆಯಿಂದ ಮೆಲ್ಲಗೆ ಕೆಳಗೆ ಜಾರುತ್ತದೆ, ಆಮೇಲೆ ಬಾಗಿಲಲ್ಲಿ ಎಳೆದುಕೊಂಡು ಹೋಗುವ ಬಟ್ಟೆಯ ತುದಿ ಮಾತ್ರ. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ. ನಾನು ವಿದೇಶದಿಂದ ಡಿಸ್ಕ್ ತರಿಸಿದೆ. 2,900 ಬೆಲೆ, ಅದರ ಮೇಲೆ ಕಸ್ಟಮ್ಸ್ 1,140. ಬಂದ ಮೇಲೆ ನೋಡಿದರೆ ನಮ್ಮ ದೇಶದ ಪ್ಲೇಯರಿನಲ್ಲಿ ಓಡಲ್ಲ. ಅದಕ್ಕೆಂದೇ ಬೇರೆ ಪ್ಲೇಯರ್ ಕೊಂಡೆ, 7,500. ಮನೆಯವಳು ವಾರ ಮಾತು ಬಿಟ್ಟಳು. ನನಗೆ ಕಿಂಚಿತ್ತೂ ಬೇಸರವಿಲ್ಲ.

ಮಂಡ್ಯ ಗೌಡ್ರು:
ಒಂಬತ್ತು ವರ್ಷದ ಹುಡುಗನಿಗೆ 1932ರ ಸಿನಿಮಾ? ಹತ್ತು ನಿಮಿಷಕ್ಕೆ ಎದ್ದು ಆಡಕ್ಕೆ ಹೋಯ್ತಾನೆ. ಮೇಷ್ಟ್ರೇ, ಜಾಡಿ ಎಷ್ಟು ಅಂತ ಎಣಿಸಕ್ಕೆ ಯಾರೂ ಸಿನಿಮಾಕ್ಕೆ ಹೋಗಲ್ಲ.

ಮೇಷ್ಟ್ರು, ಚಿಕ್ಕಮಗಳೂರು:
ನನ್ನ ಮಕ್ಕಳು ಎಣಿಸಿದರು. ಅದಕ್ಕೇ ತೋರಿಸಿದ್ದು.

ದುಬೈ ಕನ್ನಡಿಗ:
ನಾನು ಈ ಸಿನಿಮಾದ ಹುಚ್ಚಿಗೆ ಈಜಿಪ್ಟಿಗೇ ಹೋಗಿ ಬಂದವನು. 1999ರ ಸಿನಿಮಾದಲ್ಲಿ ಬರುವ ಸತ್ತವರ ನಗರ ಹಮುನಾಪ್ಟ್ರಾದ ಚಿತ್ರೀಕರಣದ ಜಾಗ ತೋರಿಸುತ್ತೇವೆ ಅಂತ ಅಲ್ಲೊಬ್ಬ ಏಜೆಂಟ್ 90 ಡಾಲರ್ ಹೆಚ್ಚಿಗೆ ತೆಗೆದುಕೊಂಡ. ನಾಲ್ಕು ಗಂಟೆ ವ್ಯಾನಿನಲ್ಲಿ ಕೂರಿಸಿ, ಎಸಿ ಕೆಟ್ಟಿತ್ತು, ಕೊನೆಗೆ ಮರಳಲ್ಲಿ ನಿಂತ ನಾಲ್ಕು ಮುರುಕು ಗೋಡೆ ತೋರಿಸಿದ. ಹಮುನಾಪ್ಟ್ರಾ ತೆಗೆದದ್ದು ಮೊರಾಕ್ಕೊದಲ್ಲಿ, ಎರ್ಫೂದ್ ಹತ್ತಿರ! ಹೋಗುವವರು ದಯವಿಟ್ಟು ಮೋಸ ಹೋಗಬೇಡಿ. ಲಕ್ಸರ್‌ನಲ್ಲಿ ಸೆಟಿಯ ಸಮಾಧಿಗೆ ಬೇರೆ ಟಿಕೆಟ್, ಅದೂ ಬಹಳ ದುಬಾರಿ. ಒಳಗಿನ ಬಣ್ಣ ನೋಡಿ ಕಣ್ಣೀರು ಬಂತು, ಆದರೆ ಸೆಟಿ ಅಲ್ಲಿಲ್ಲ. ಅವನ ಮಮ್ಮಿ ಇರುವುದು ಕೈರೋದಲ್ಲಿ, 2021ರ ಏಪ್ರಿಲ್‌ನಲ್ಲಿ 22 ರಾಜರಾಣಿಯರನ್ನು ಮೆರವಣಿಗೆಯಲ್ಲಿ ಒಯ್ದರಲ್ಲ, ಆ ಮ್ಯೂಸಿಯಂನಲ್ಲಿ. ಮುಖ ಎಷ್ಟು ಚೆನ್ನಾಗಿ ಉಳಿದಿದೆ ಅಂದರೆ ನಿದ್ದೆ ಮಾಡುತ್ತಿದ್ದಾನೆ ಅನ್ನಿಸುತ್ತದೆ.

ಕನ್ನಡ ದನಿ:
ತಾಯಿ ಹೇಳಿದ್ದನ್ನು ಯಾರೂ ಓದಲೇ ಇಲ್ಲ. ಮಗುವಿಗೆ ಹಿಂದಿ ಬರಲ್ಲ, ಇಂಗ್ಲಿಷ್ ಅರ್ಧಂಬರ್ಧ. ಇಂಥ ಸಿನಿಮಾ ನಮ್ಮ ಕಾಲದಲ್ಲೇ ಕನ್ನಡದಲ್ಲಿ ಬರಬೇಕಿತ್ತು. ಡಬ್ಬಿಂಗ್ ಬೇಡ ಬೇಡ ಅಂತ ದಶಕಗಟ್ಟಲೆ ತಡೆದರು. ನಾವು ಅರ್ಥವಾಗದ ಹಿಂದಿಯಲ್ಲಿ ನೋಡಿ ಬೆಳೆದೆವು. 2015ರಲ್ಲಿ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂತ ಹೇಳಿದ ಮೇಲಷ್ಟೇ ದಾರಿ ತೆರೆದದ್ದು.

ಹಳೇ ವಿಸಿಡಿ:
ಡಬ್ಬಿಂಗ್ ತಡೆದದ್ದರಿಂದಲೇ ನಮ್ಮ ಕಲಾವಿದರ ಹೊಟ್ಟೆ ತುಂಬಿತು. ಫ್ರೇಸರ್ ಬಾಯಲ್ಲಿ ಕನ್ನಡ ಕೇಳುವ ಆಸೆ ನನಗಿಲ್ಲ.

ಕನ್ನಡ ದನಿ:
ನಿಮಗಿಲ್ಲ. ಶಿರಸಿಯ ಆ ಹುಡುಗನಿಗಿದೆ. ಅವನಿಗೆ ಯಾರು ಉತ್ತರ ಕೊಡುತ್ತಾರೆ?

ಎರಡು ಮಕ್ಕಳ ತಾಯಿ:
ಶಿರಸಿ ಅಕ್ಕಾ, ಇವರ ಜಗಳ ಇವರಿಗಿರಲಿ. ನನ್ನ ಚಿಕ್ಕವನಿಗೆ 1999ರದ್ದು ತೋರಿಸಿ ರಾತ್ರಿ ಲೈಟ್ ಹಾಕಿಕೊಂಡೇ ಮಲಗಬೇಕಾಯಿತು, ಹಾಸಿಗೆ ಕೊಡವಿ ಹುಳ ಇಲ್ಲ ಅಂತ ತೋರಿಸಬೇಕಾಯಿತು. ಶುರುವಿನಲ್ಲೇ ನಾಲಿಗೆ ಕತ್ತರಿಸಿ ಜೀರುಂಡೆ ಜತೆ ಹೂಳುತ್ತಾರೆ. ಜೈಲರ್‌ನ ಚರ್ಮದ ಕೆಳಗೆ ಹುಳ ಓಡಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ಕನ್ನಡಕದವನ ಕಣ್ಣು ಕೀಳುವುದು, ಕೊನೆಯಲ್ಲಿ ಬೆನಿ ಸಾಯುವುದು, ಇವಿಷ್ಟೂ ಓಡಿಸಿಬಿಡಿ. ಹಗಲಲ್ಲಿ ತೋರಿಸಿ, ರಾತ್ರಿ ಬೇಡ. ಮಾತಿಗೆ ನೀವೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಿ, ನಾನೂ ಹಾಗೇ ಮಾಡಿದ್ದು. ಅದು ಹಿಡಿಸಿದರೆ 2001ರ ಎರಡನೆಯ ಭಾಗ, ಅದರಲ್ಲಿ ಎಂಟು ವರ್ಷದ ಹುಡುಗನೇ ಅರ್ಧ ನಾಯಕ.

ಮಂಡ್ಯ ಗೌಡ್ರು:
ಎರಡನೇ ಭಾಗದ ಕೊನೆಯ ಚೇಳುರಾಜ ನೋಡಿದೀರಾ ಅಕ್ಕಾ? 2001ರಲ್ಲೇ ಗ್ರಾಫಿಕ್ಸ್ ನೋಡಕ್ಕಾಯ್ತಿರಲಿಲ್ಲ.

ಐಮ್ಯಾಕ್ಸ್ ಪ್ರೇಮಿ:
ನಾನೂ ಅದನ್ನೇ ಹೇಳುತ್ತಿರುವುದು ಗೌಡ್ರೇ. 2017ರದ್ದರಲ್ಲಿ ಆ ದೋಷ ಇಲ್ಲ.