ಮಾಹಿತಿಯನ್ನು ಮಾರುವುದಿಲ್ಲ ಎನ್ನುತ್ತಾರೆ, ಹಾಗಾದರೆ ದುಡ್ಡು ಎಲ್ಲಿಂದ?

ಪ್ರಶ್ನೆ: ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ನಾವು ಬಿಡಿಗಾಸೂ ಕೊಡುವುದಿಲ್ಲ. ‘ನಿಮ್ಮ ಮಾಹಿತಿಯನ್ನು ಮಾರುವುದಿಲ್ಲ’ ಎಂದೂ ಅವುಗಳ ಒಡೆತನದ ಕಂಪನಿ ಮೆಟಾ ಹೇಳುತ್ತದೆ. ಮತ್ತೆ ಲಾಭ ಹೇಗೆ? ಜಾಹೀರಾತು ಕ್ಷೇತ್ರದಲ್ಲಿರುವವರು ದಯವಿಟ್ಟು ತಿಳಿಸಿ.

ಉತ್ತರ: ಆನ್‌ಲೈನ್ ಜಾಹೀರಾತು ನಡೆಸುವುದೇ ನನ್ನ ಹೊಟ್ಟೆಪಾಡು. ಆ ಮಾತು ಸುಳ್ಳಲ್ಲ, ಜಾಣತನದ್ದು. ಹಾಲು ಮಾರಿ ಬದುಕುವವರು ಹಸುವನ್ನು ಮಾರುತ್ತಾರೆಯೇ? ಜಾಹೀರಾತು ಕೊಡುವ ನನಗೆ ನಿಮ್ಮ ಹೆಸರು, ಫೋನ್ ನಂಬರ್ ಸಿಗುವುದಿಲ್ಲ. ‘25ರಿಂದ 35 ವರ್ಷದವರು, ಓಟದಲ್ಲಿ ಆಸಕ್ತಿ ಇರುವವರು’ ಎಂದು ನಾನು ಗುರುತು ಹಾಕುತ್ತೇನೆ. ಅಂಥವರನ್ನು ಹುಡುಕಿ ನನ್ನ ಜಾಹೀರಾತು ತೋರಿಸುವುದು ಮೆಟಾದ ಕೆಲಸ. ನೀವು ಪರದೆ ಸರಿಸುವಷ್ಟರಲ್ಲಿ, ನಿಮಗೆ ಯಾರ ಜಾಹೀರಾತು ತೋರಿಸಬೇಕೆಂದು ಒಳಗೊಂದು ಹರಾಜು ಮುಗಿದಿರುತ್ತದೆ. ಹೆಚ್ಚು ಬೆಲೆ ಕೂಗಿದವನೇ ಗೆಲ್ಲಬೇಕೆಂದಿಲ್ಲ. ಯಾವ ಜಾಹೀರಾತನ್ನು ನೀವು ಒತ್ತುವ ಸಂಭವ ಎಷ್ಟು ಎಂಬ ಅಂದಾಜಿನಿಂದ ಆ ಬೆಲೆಯನ್ನು ಗುಣಿಸುತ್ತಾರೆ. ನಿಮ್ಮ ಲೈಕು, ನೀವು ನಿಂತು ನೋಡಿದ ವಿಡಿಯೊ ಎಲ್ಲವೂ ದುಡ್ಡಾಗುವುದು ಈ ಅಂದಾಜಿನಲ್ಲಿಯೇ. 2023ರಲ್ಲಿ ಮೆಟಾ ಆದಾಯ ಸುಮಾರು 13,500 ಕೋಟಿ ಡಾಲರ್. ಅದರಲ್ಲಿ ಶೇ 97ಕ್ಕೂ ಹೆಚ್ಚು ಜಾಹೀರಾತಿನದು.

ಪ್ರಶ್ನೆ: ಗೆಳೆಯನೊಂದಿಗೆ ಶೂ ಬಗ್ಗೆ ಮಾತನಾಡಿದೆ, ಸಂಜೆಗೆ ಶೂ ಜಾಹೀರಾತು ಬಂತು. ಫೋನ್ ಕದ್ದು ಕೇಳುತ್ತಿದೆಯೇ?

ಉತ್ತರ: ಇದನ್ನು ಕೇಳದವರೇ ಇಲ್ಲ! ಕದ್ದು ಕೇಳುವ ಕಷ್ಟ ಅವರಿಗೇಕೆ? ಶೂ ಮಾರುವ ಜಾಲತಾಣದಲ್ಲಿ ‘ಪಿಕ್ಸೆಲ್’ ಎಂಬ ಪುಟ್ಟ ಕೋಡ್ ಇರುತ್ತದೆ. (ನನ್ನ ಗ್ರಾಹಕರ ಜಾಲತಾಣಗಳಿಗೆ ಅದನ್ನು ಅಂಟಿಸುವವನು ನಾನೇ, ಹಾಗಾಗಿ ಸಾಚಾ ಎಂದು ಹೇಳಿಕೊಳ್ಳಲಾರೆ.) ನೀವು ಯಾವ ಶೂ ನೋಡಿದಿರಿ, ಕಾರ್ಟ್‌ಗೆ ಹಾಕಿ ಹಣ ಕೊಡದೆ ಎದ್ದು ಹೋದಿರಾ ಎಂಬುದೆಲ್ಲ ಅದರಿಂದ ಮೆಟಾಗೆ ತಲುಪುತ್ತದೆ. ಮಾತಿಗೆ ಮೊದಲೇ ನೀವು ಎಲ್ಲೋ ಒಂದು ಶೂ ನೋಡಿರುತ್ತೀರಿ, ಮರೆತಿರುತ್ತೀರಿ. ಪಿಕ್ಸೆಲ್ ಮರೆತಿರುವುದಿಲ್ಲ.

ಪ್ರಶ್ನೆ: ತಡೆಯಲು ದಾರಿ ಇದೆಯೇ?

ಉತ್ತರ: ಅರ್ಧ ದಾರಿ ಇದೆ. 2021ರಲ್ಲಿ ಆಪಲ್, ಯಾವುದೇ ಆ್ಯಪ್ ಬೇರೆ ಆ್ಯಪ್‌ಗಳಲ್ಲಿ ನಿಮ್ಮ ಬೆನ್ನು ಹತ್ತುವ ಮೊದಲು ಅನುಮತಿ ಕೇಳಲೇಬೇಕು ಎಂದಿತು. ಆ ಒಂದು ಪ್ರಶ್ನೆಯಿಂದ 2022ರಲ್ಲಿ ತನಗೆ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳಬಹುದೆಂದು ಮೆಟಾ ತಾನೇ ಅಂದಾಜಿಸಿತ್ತು. ಐಫೋನ್ ಇದ್ದರೆ ಅನುಮತಿ ನಿರಾಕರಿಸಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಐಡಿಯನ್ನು (ಜಾಹೀರಾತಿಗಾಗಿ ನಿಮ್ಮ ಫೋನ್‌ಗೆ ಕೊಟ್ಟ ಗುರುತನ್ನು) ಅಳಿಸಿ. ಆದರೆ ಮೆಟಾದವರದೇ ಆ್ಯಪ್‌ನೊಳಗೆ ನೀವು ಮಾಡುವುದನ್ನು ಅವರು ನೋಡುತ್ತಲೇ ಇರುತ್ತಾರೆ. ಜಾಹೀರಾತೂ ನಿಲ್ಲುವುದಿಲ್ಲ, ಶೂ ಬದಲು ನಿಮಗೆ ಬೇಡದ ಸೋಫಾ ಬರುತ್ತದೆ, ಅಷ್ಟೆ.